ಅಂಡಮಾನಿಗೆ ಹೊರಟ ಮಗಳಿಗೆ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನೀನು ಕಳುಹಿಸಿದ ಪ್ರವಾಸದ ಪಟ್ಟಿಯನ್ನು ನಿನ್ನೆ ರಾತ್ರಿ ಅಮ್ಮನೂ ನಾನೂ ಕೂತು ಎರಡು ಸಲ ಓದಿದೆವು. ಸೋಮವಾರ ಇಳಿಯುವುದು, ಮಂಗಳವಾರ ಬಾರಾಟಾಂಗ್, ಬುಧವಾರ ಶಹೀದ್ ದ್ವೀಪ, ಗುರುವಾರ ಸ್ವರಾಜ್ ದ್ವೀಪ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸ್ಕೂಬಾ ಡೈವಿಂಗ್, ಶನಿವಾರ ಬೆಳಿಗ್ಗೆ ಹಡಗು, ಹನ್ನೆರಡಕ್ಕೆ ವಿಮಾನ. ಕಾಗದದ ಮೇಲೆ ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿವೆ, ನಡುವೆ ಒಂದು ಗಂಟೆಯೂ ಪೋಲಾಗಿಲ್ಲ. ನನಗೆ ಅಂಜಿಕೆ ಹುಟ್ಟಿಸಿದ್ದೇ ಅದು.

ನಾವು ಹೋಗಿದ್ದಾಗ ಆದದ್ದನ್ನು ನಿನಗೆ ಪೂರ್ತಿಯಾಗಿ ಹೇಳಿರಲಿಲ್ಲ. ಹಿಂದಿರುಗುವ ದಿನ ಬೆಳಿಗ್ಗೆ ಜೆಟ್ಟಿಗೆ ಹೋದರೆ, ಆಕಾಶ ತಿಳಿಯಾಗಿತ್ತು, ಬಿಸಿಲೂ ಇತ್ತು. ಆದರೆ ಹೊರಗಿನ ಸಮುದ್ರದಲ್ಲಿ ಅಲೆ ಹೆಚ್ಚಾಗಿದೆಯೆಂದು ಅಂದಿನ ಹಡಗುಗಳೆಲ್ಲ ರದ್ದಾಗಿದ್ದವು. ಹಡಗಿನ ಟಿಕೆಟಿನ ದುಡ್ಡು ವಾಪಸು ಬಂತು, ತಪ್ಪಿದ ವಿಮಾನದ್ದು ಬರಲಿಲ್ಲ. ಅಮ್ಮ ಸೂಟ್‌ಕೇಸಿನ ಮೇಲೆ ಕೂತು, ಉಪ್ಪಿಟ್ಟಿನ ಡಬ್ಬಿಯನ್ನು ತೆರೆದು, "ಇನ್ನೇನು ಮಾಡೋದು, ತಿನ್ನೋಣ" ಎಂದಳು. ಆದ್ದರಿಂದ ನನ್ನ ಒಂದೇ ಒತ್ತಾಯವೆಂದರೆ, ಕೊನೆಯ ರಾತ್ರಿಯನ್ನು ವಿಮಾನ ನಿಲ್ದಾಣವಿರುವ ಊರಿನಲ್ಲೇ ಕಳೆಯಬೇಕು. ಅಲ್ಲಿ ಹಡಗಿನ ವೇಳಾಪಟ್ಟಿಯನ್ನು ಕಚೇರಿಯವರು ಬರೆಯುತ್ತಾರೆ, ಸಮುದ್ರ ತಿದ್ದುತ್ತದೆ.

ಆ ಊರಿನ ಹೆಸರಿನ ವಿಷಯದಲ್ಲೂ ಗೊಂದಲ ಬೇಡ. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಆಗಿದೆ. ಹ್ಯಾವ್ಲಾಕ್ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವೆಂದೂ, ನೀಲ್ ಶಹೀದ್ ದ್ವೀಪವೆಂದೂ, ರಾಸ್ ದ್ವೀಪವು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪವೆಂದೂ ಹೆಸರು ಬದಲಿಸಿಕೊಂಡವು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರುಗಳೇ ಉಳಿದಿರುವುದರಿಂದ ಎರಡನ್ನೂ ನೆನಪಿಟ್ಟುಕೊಂಡಿರು.

ನೀನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವ ಇನ್ನೊಂದು ಸಂಗತಿ ಹೊತ್ತು. ಆ ದ್ವೀಪಗಳು ನಮಗಿಂತ ಬಹಳ ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ, ಜನವರಿಯಲ್ಲಿ ಅಲ್ಲಿ ಐದೂವರೆ ಗಂಟೆ ದಾಟುತ್ತಿದ್ದಂತೆ ಸೂರ್ಯ ಹುಟ್ಟಿ, ಸಂಜೆ ಐದೂಕಾಲಕ್ಕೆಲ್ಲ ಮುಳುಗಿಬಿಡುತ್ತಾನೆ. ಮಧ್ಯಾಹ್ನ ಊಟ ಮಾಡಿ, ಒಂದು ನಿದ್ದೆ ತೆಗೆದು, ನಾಲ್ಕೂವರೆಗೆ ಸ್ವರಾಜ್ ದ್ವೀಪದ ರಾಧಾನಗರ ಕಡಲತೀರಕ್ಕೆ ಹೊರಟರೆ ನಿಮಗೆ ಸಿಗುವುದು ಕತ್ತಲೆ. ನಿದ್ದೆಯನ್ನು ರಾತ್ರಿಗೆ ಸರಿಸಿ, ಬೆಳಿಗ್ಗೆ ಐದಕ್ಕೆ ಏಳುವುದನ್ನು ರೂಢಿಸಿಕೊಳ್ಳಿ. ಅಳಿಯಂದಿರಿಗೆ ಇದು ಕಷ್ಟವೆಂದು ನನಗೆ ಗೊತ್ತು.

ಡೈವಿಂಗನ್ನು ಕೊನೆಗೆ ಇಟ್ಟುಕೊಂಡಿರುವುದು ಪಟ್ಟಿಯಲ್ಲಿರುವ ದೊಡ್ಡ ತಪ್ಪು. ನೀರಿನಡಿಯ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಏರಿದರೆ, ಅಲ್ಲಿ ಒತ್ತಡ ಕಡಿಮೆಯಾಗಿ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆ ಏಳಬಹುದು. ಅದಕ್ಕೆಂದೇ ಡೈವಿಂಗಿಗೂ ವಿಮಾನಕ್ಕೂ ನಡುವೆ 24 ಗಂಟೆ ಬಿಡಬೇಕೆಂದು ತಿಳಿದವರು ಹೇಳುತ್ತಾರೆ. ನಿನ್ನ ಪಟ್ಟಿಯಲ್ಲಿ ಅಷ್ಟಿಲ್ಲ. ಈಜು ಬಾರದವರನ್ನೂ ಬೋಧಕರು ಕೈಹಿಡಿದು ಕರೆದೊಯ್ಯುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಮೊದಲು ತುಂಬಿಸಿಕೊಳ್ಳುವ ಆರೋಗ್ಯದ ಫಾರಂನಲ್ಲಿ ನಿನ್ನ ಉಬ್ಬಸವನ್ನು ಮುಚ್ಚಿಡಬೇಡ. ಹೊರಡುವ ಮುನ್ನವೇ ನಿನ್ನ ಡಾಕ್ಟರನ್ನು ಕೇಳು, ಅವರು ಬೇಡವೆಂದರೆ ಕೊಳವೆ ಕಚ್ಚಿಕೊಂಡು ಮೇಲ್ನೀರಿನಲ್ಲೇ ತೇಲುತ್ತಾ ಹವಳವನ್ನು ನೋಡಿದರಾಯಿತು. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿ ತೋರಿಸಿದರೆ "ಮೇಲಕ್ಕೆ ಹೋಗೋಣ" ಎಂದು ಅರ್ಥ, ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಸುತ್ತು ಮಾಡಬೇಕು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿ ಎತ್ತಿ ತೋರಿಸಿ, ಜೊತೆಗಿದ್ದ ಬೋಧಕ ಹುಡುಗ ನನ್ನನ್ನು ಎರಡು ಸಲ ಮೇಲಕ್ಕೆ ಎಳೆದುಕೊಂಡು ಬಂದ ಕಥೆಯನ್ನು ಅಮ್ಮ ನಿನಗೆ ಹೇಳಿರಬೇಕು.

ಬಾರಾಟಾಂಗ್ ವಿಷಯದಲ್ಲಿ ನನ್ನ ಮಾತು ಕೇಳುವುದಾದರೆ ಅದನ್ನು ಬಿಟ್ಟುಬಿಡು. ಸುಣ್ಣಕಲ್ಲಿನ ಗುಹೆ ಚೆನ್ನಾಗಿಯೇ ಇದೆ. ಆದರೆ ಅಲ್ಲಿಗೆ ಹೋಗುವ ರಸ್ತೆ ಜಾರವಾ ಆದಿವಾಸಿಗಳಿಗೆ ಮೀಸಲಾದ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ವಾಹನಗಳನ್ನು ಸಾಲಾಗಿ ನಿಲ್ಲಿಸಿ, ಗೊತ್ತಾದ ಹೊತ್ತಿಗೆ ಮಾತ್ರ ಬೆಂಗಾವಲಿನೊಡನೆ ಬಿಡುತ್ತಾರೆ. ಮೊದಲ ಸಾಲಿಗೆ ಸೇರಬೇಕಾದರೆ ಇನ್ನೂ ಕತ್ತಲಿರುವಾಗಲೇ ಊರು ಬಿಡಬೇಕು. ದಾರಿಯಲ್ಲಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಶಿಕ್ಷಾರ್ಹ. ಕಾನೂನನ್ನು ಪಾಲಿಸಿದರೂ, ಒಬ್ಬರ ಮನೆಯಂಗಳದಲ್ಲಿ ಕಿಟಕಿಯಿಂದ ಇಣುಕುತ್ತಾ ಸಾಗಿದ ಮುಜುಗರ ನನ್ನನ್ನು ಬಹಳ ದಿನ ಬಿಡಲಿಲ್ಲ. ಆ ಒಂದು ದಿನ ಉಳಿದರೆ ಪಟ್ಟಿಗೆ ಉಸಿರಾಡಲು ಜಾಗ ಸಿಗುತ್ತದೆ.

ಆದ್ದರಿಂದ ಹೀಗೆ ಮಾಡು. ಸೋಮವಾರ ಇಳಿದ ದಿನವೇ ಸೆಲ್ಯುಲರ್ ಜೈಲನ್ನು ನೋಡುವ ಆಸೆ ಬೇಡ. ಮಂಗಳವಾರ ಸ್ವರಾಜ್ ದ್ವೀಪಕ್ಕೆ, ಬುಧವಾರ ಡೈವಿಂಗ್, ಗುರುವಾರ ಶಹೀದ್ ದ್ವೀಪ, ಶುಕ್ರವಾರ ಬೆಳಗಿನ ಹಡಗಿಗೆ ಶ್ರೀ ವಿಜಯಪುರಂ. ಅಂದು ಮಧ್ಯಾಹ್ನ ಜೈಲನ್ನು ನಿಧಾನವಾಗಿ ನೋಡಿ, ಸಂಜೆ ಅಲ್ಲೇ ನಡೆಯುವ ಧ್ವನಿ–ಬೆಳಕಿನ ಕಾರ್ಯಕ್ರಮಕ್ಕೆ ಕೂರಬಹುದು. 1906ರಲ್ಲಿ ಕಟ್ಟಿ ಮುಗಿಸಿದಾಗ ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿರುವುದರಿಂದ ಯಾವ ಕೈದಿಗೂ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಒಂದು ಕೋಣೆಯೊಳಗೆ ಹೋಗಿ ನಿಂತು ನೋಡು, ನಾನು ಹೇಳಿದ್ದು ತಿಳಿಯುತ್ತದೆ.

ಶಹೀದ್ ದ್ವೀಪದ ಊರುಗಳಿಗೆ ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ, ರಾಮನಗರ ಎಂಬ ಹೆಸರುಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಜಾಗವದು. ಲಕ್ಷ್ಮಣ್‌ಪುರದ ಬಳಿ ಪ್ರಕೃತಿಯೇ ಮಾಡಿದ ಕಲ್ಲಿನ ಸೇತುವೆಯನ್ನು ಇಳಿತವಿದ್ದಾಗ ಮಾತ್ರ ಹತ್ತಿರದಿಂದ ನೋಡಬಹುದು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಅಂತರವಿರುತ್ತದೆ, ಮತ್ತು ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನ ಹೋದವರು ಹೇಳಿದ ಹೊತ್ತನ್ನು ನಂಬದೆ ಹೋಟೆಲಿನಲ್ಲಿ ಅಂದಿನ ಹೊತ್ತನ್ನು ಕೇಳಿಕೋ. ಕಾಲಿಗೆ ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಬಂಡೆಗಳ ನಡುವೆ ಮೊಣಕಾಲಿನಷ್ಟು ನೀರು ನಿಂತ ಗುಂಡಿಗಳಲ್ಲಿ ಕಪ್ಪನೆಯ ಸಮುದ್ರ ಸೌತೆಗಳು ಬದನೆಕಾಯಿಯಂತೆ ಬಿದ್ದುಕೊಂಡಿರುತ್ತವೆ. ಮುಟ್ಟದೆ, ಬಗ್ಗಿ ಐದು ನಿಮಿಷ ನೋಡು, ಒಂದು ತುದಿ ಮೆಲ್ಲಗೆ ಮರಳನ್ನು ನುಂಗುತ್ತಿರುವುದು ಕಾಣುತ್ತದೆ.

ಹವಳದ ಚೂರನ್ನಾಗಲಿ ಚಿಪ್ಪನ್ನಾಗಲಿ ಹೆಕ್ಕಿಕೊಂಡು ಬರಬೇಡ. ಸತ್ತ ಹವಳಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಮ್ಮನ ಕೈಚೀಲದಲ್ಲಿ ಬೆರಳುದ್ದದ ಒಂದು ಬಿಳಿಯ ಚೂರು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡು, ಎಲ್ಲರೆದುರಿಗೆ ಚೀಲವನ್ನು ಬರಿದು ಮಾಡಿಸಿದ್ದರು. ಅಂಗಡಿಯಲ್ಲಿ ಚಿಪ್ಪಿನ ಸಾಮಾನು ಕೊಂಡರೆ ಬಿಲ್ಲನ್ನು ಜೋಪಾನವಾಗಿಟ್ಟುಕೋ.

ಖಾರಿಗಳಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವ ಕಡೆ ನೀರಿಗೆ ಇಳಿಯಬೇಡಿ, ಬೇರೆಯವರು ಇಳಿದಿದ್ದರೂ ಸರಿ. ಮರಳುನೊಣಗಳ ಕಡಿತ ಎರಡು ವಾರ ತುರಿಸುತ್ತದೆ, ಕೊಬ್ಬರಿ ಎಣ್ಣೆಯ ಒಂದು ಸಣ್ಣ ಸೀಸೆ ಜೊತೆಗಿರಲಿ. ಹಡಗು ಹತ್ತುವ ಅರ್ಧ ಗಂಟೆ ಮೊದಲೇ ವಾಂತಿಯ ಮಾತ್ರೆ ತೆಗೆದುಕೋ. ವಾಕರಿಕೆ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್‌ನೆಟ್ಟು ಬಹಳ ಸುಧಾರಿಸಿದೆಯಾದರೂ, ಸಣ್ಣ ದ್ವೀಪಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಟಿಕೆಟ್ಟುಗಳನ್ನೂ ಹೋಟೆಲಿನ ಚೀಟಿಯನ್ನೂ ಮುದ್ರಿಸಿಕೊಂಡು ಹೋಗು, ಆಧಾರ್ ಕಾರ್ಡು ಕೈಗೆ ಸಿಗುವಂತಿರಲಿ, ಮೂರು ದಿನದ ಖರ್ಚಿಗಾಗುವಷ್ಟು ನಗದನ್ನು ಶ್ರೀ ವಿಜಯಪುರಂನಲ್ಲೇ ತೆಗೆದಿಟ್ಟುಕೋ. ಒಂದು ದಿನ ನಿನ್ನ ಫೋನು ಸಿಗದಿದ್ದರೆ ಗಾಬರಿಯಾಗುವುದಿಲ್ಲವೆಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ.

ಶುಕ್ರವಾರದ ಹಡಗಿಗೆ ಸೀಟು ಇದೆಯೇ ಎಂದು ಇಂದೇ ನೋಡು, ಜನವರಿಯಲ್ಲಿ ಬೇಗ ತುಂಬಿಹೋಗುತ್ತವೆ. ಟಿಕೆಟ್ಟು ಬದಲಾಯಿಸಿದ ಮೇಲೆ ಹೊಸ ಪಟ್ಟಿಯನ್ನು ನನಗೆ ಕಳುಹಿಸು.

ಇಂತಿ,
ನಿನ್ನ ಅಪ್ಪ