ಫೋಟೊದಲ್ಲಿರುವ ಆ ಗಾಳ ನನ್ನದು

ಮಾನ್ಯ ಸಂಪಾದಕರೇ,

ಸೋಮವಾರದ ಜಿಲ್ಲಾ ಪುಟದಲ್ಲಿ ‘ಹಿನ್ನೀರಿನಲ್ಲಿ ಅಕ್ರಮ ಮೀನುಗಾರಿಕೆ: ಬಲೆ, ಗಾಳ ವಶ’ ಅಂತ ಸುದ್ದಿ ಹಾಕಿದ್ದೀರಿ. ಬಲೆ ಯಾರದ್ದೋ ನನಗೆ ಗೊತ್ತಿಲ್ಲ. ಗಾಳ ನನ್ನದು. ಒಂದೇ ಒಂದು ಗಾಳ. ಬಿದಿರು ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು. ಬಲೆಯ ರಾಶಿಯ ಮೇಲೆ ಅಡ್ಡ ಇಟ್ಟು ಫೋಟೊ ತೆಗೆದಿದ್ದಾರಲ್ಲ, ಅದೇ. ಹಿಡಿಕೆಗೆ ಸುತ್ತಿದ ಕೆಂಪು ಬಟ್ಟೆ ನನ್ನ ಹೆಂಡತಿಯ ಹಳೇ ಇಳಕಲ್ ಸೀರೆಯ ಸೆರಗು. ಪೇಪರ್ ಬಿಚ್ಚಿದ ಕೂಡಲೇ ಅವಳೇ ಗುರುತು ಹಿಡಿದಳು. ಬೆಳಗಿನ ಚಹಾ ಅಲ್ಲಿಗೇ ನಿಂತಿತು.

ದಸರಾ ರಜೆಗೆ ಮೊಮ್ಮಗ ಬಂದಿದ್ದಾನೆ. ಮೂರು ದಿನದಿಂದ ಗಾಳ, ಗಾಳ ಅಂತ ಜೀವ ತಿಂದಿದ್ದ. ಭಾನುವಾರ ಏಳಕ್ಕೆಲ್ಲ ಹೋಗಿ ಘಟಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಕೂತೆವು. ಒಂಬತ್ತರ ಹೊತ್ತಿಗೆ ಚೀಲದಲ್ಲಿ ಇದ್ದದ್ದು ಎರಡು ಜಿಲೇಬಿ ಮೀನು, ಅಂಗೈಯಷ್ಟು ಒಂದು ಗೆಂಡೆ. ಮೂರೂ ಸೇರಿಸಿ ತೂಗಿದರೆ ಅರ್ಧ ಕಿಲೋ ಆಗುತ್ತಿರಲಿಲ್ಲ. ಅಷ್ಟರಲ್ಲಿ ನಾಲ್ವರು ಬಂದರು. ಇಬ್ಬರು ಸರ್ಕಾರಿ ಜೀಪಿನವರು, ಇಬ್ಬರು ಗುತ್ತಿಗೆದಾರನ ಹುಡುಗರಂತೆ. ಯಾರು ಯಾರ ಕೈಕೆಳಗೆ ಅಂತ ಕೊನೆಯವರೆಗೂ ತಿಳಿಯಲಿಲ್ಲ. “ಲೈಸೆನ್ಸ್ ಐತೇನ್ರಿ ಅಜ್ಜಾರ?” ಅಂದರು. ಗಾಳಕ್ಕೆ ಎಂಥ ಲೈಸೆನ್ಸಪ್ಪಾ ಅಂದೆ. ಕೋಲು ಕಿತ್ತುಕೊಂಡರು. ಚೀಲ ಕಿತ್ತುಕೊಂಡರು. ಎರೆಹುಳದ ಡಬ್ಬಿಯನ್ನೂ ಬಿಡಲಿಲ್ಲ. ಅದು ಸಾಕ್ಷಿಗಂತೆ! ಮೇಲೆ 500 ರೂಪಾಯಿ ದಂಡ. ರಸೀದಿ ಕೇಳಿದ್ದಕ್ಕೆ, “ಪುಸ್ತಕ ಆಫೀಸಿನಾಗ ಐತ್ರಿ” ಅಂದರು. ದಂಡ ವಸೂಲಿಗೆ ಬರುವವರು ಪುಸ್ತಕ ಆಫೀಸಿನಲ್ಲಿ ಬಿಟ್ಟು ಬರುತ್ತಾರೆ. ಎರೆಹುಳ ಮಾತ್ರ ಮರೆಯದೆ ಒಯ್ಯುತ್ತಾರೆ.

ಎಳೆದಾಟದಲ್ಲಿ ಎರೆಮಣ್ಣಿನ ಕೆಸರಲ್ಲಿ ಜಾರಿ ಮೊಣಕಾಲು ಕೆತ್ತಿತು. ಒಂದು ಚಪ್ಪಲಿ ಈಗಲೂ ಅಲ್ಲೇ ಹೂತಿದೆ. ಮನೆಯಲ್ಲಿ ಮಸಾಲೆ ಅರೆದು ಕೂತಿದ್ದರು. ಮೊಮ್ಮಗ ಓಣಿಯ ತುಂಬ “ಅಜ್ಜನ್ನ ಪೊಲೀಸ್ರು ಹಿಡಿದ್ರು” ಅಂತ ಸಾರಿ ಬಂದ. ಅವರು ಪೊಲೀಸರೂ ಅಲ್ಲ! ಸಂಜೆಯೊಳಗೆ ನಾಲ್ಕು ಮಂದಿ ಬಂದು ಸಮಾಧಾನ ಹೇಳಿ ಹೋದರು. ಪುಣೆಯಿಂದ ಮಗ ಫೋನ್ ಮಾಡಿ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ನನಗೇ ಬೈದ. ಬಿಪಿ ಗುಳಿಗೆ ಜಾಸ್ತಿ ಮಾಡಿಕೊಂಡಿದ್ದೇನೆ.

ಇನ್ನು ಆ ಕಚೇರಿಯ ಕಥೆ. ಹೆಸರು ಬೇಡ, ಊರಿಗೆಲ್ಲ ಗೊತ್ತು. ಸೋಮವಾರ ಹೋದೆ. “ಸಾಹೇಬ್ರು ಮೀಟಿಂಗ್‌ನಾಗ ಅದಾರ್ರಿ.” ಮಂಗಳವಾರ ಹೋದೆ. ಸರ್ವರ್ ಡೌನ್. ಬುಧವಾರ ಒಬ್ಬರು ಸಿಕ್ಕರು. ಗಾಳಕ್ಕೆ ಲೈಸೆನ್ಸ್ ಕೊಡಿ, ಎಷ್ಟಾದರೂ ಕಟ್ಟುತ್ತೇನೆ ಅಂದೆ. ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, ಬಲೆಗೆ ಕೊಡುತ್ತೇವೆ, ಗಾಳಕ್ಕೆ ಅರ್ಜಿ ನಮೂನೆಯೇ ಇಲ್ಲ, ಅದು ಹವ್ಯಾಸ, ಪ್ರವಾಸೋದ್ಯಮದವರನ್ನು ಕೇಳಿ ಅಂದರು. ಅಲ್ಲಿಗೆ ಹೋದರೆ, ಮೀನು ಅಂದಮೇಲೆ ನಮ್ಮದಲ್ಲ ಅಂತ ವಾಪಸ್ ಅಟ್ಟಿದರು. ಮೂರು ದಿನದ ಆಟೊ ಖರ್ಚು 360 ರೂಪಾಯಿ. ನಮೂನೆಯೇ ಇಲ್ಲದ ಲೈಸೆನ್ಸ್ ಇಲ್ಲ ಅಂತ ದಂಡ ಹಾಕುವುದು ಯಾವ ಊರ ನ್ಯಾಯ?

ಒಂದು ಮಾತು ಆ ಜೀಪಿನವರಿಗೆ ಗೊತ್ತಿರಲಿಕ್ಕಿಲ್ಲ, ಹೊಸಬರು ಪಾಪ. ನನ್ನ ಗಾಳದ ಬೆಂಡು ತೇಲುತ್ತಿತ್ತಲ್ಲ, ಅದರ ಕೆಳಗಿರುವುದು ನಮ್ಮ ಹೊಲ. ನಮ್ಮಪ್ಪ ಬಿಳಿಜೋಳ ಬೆಳೆದ ಎರೆಹೊಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. 2006ರಲ್ಲಿ ಅಬ್ದುಲ್ ಕಲಾಂ ಅವರು ಬಂದು ದೇಶಕ್ಕೆ ಅರ್ಪಿಸಿದರು. ನಡುವಿನ ವರ್ಷಗಳಲ್ಲಿ ನಮ್ಮ ಹೊಲ, ಬಾವಿ, ಬೇವಿನ ಮರ ಎಲ್ಲ ನೀರೊಳಗೆ ಹೋದವು. ಬೇಡ ಅನ್ನಲಿಲ್ಲ. ನಾಲ್ಕು ಜಿಲ್ಲೆಗೆ ನೀರಾಗುತ್ತೆ ಅಂದರು, ಆಗಲಿ ಅಂದೆವು. ಈಗ ಅದೇ ಹೊಲದ ಮೇಲೆ ನಿಂತ ನೀರಿನಲ್ಲಿ ಮೂರು ಮೀನು ಹಿಡಿದರೆ ನಾನು ಕಳ್ಳ. ಹೊಲ ಕೊಟ್ಟಾಗ ‘ತ್ಯಾಗಿಗಳು’ ಅಂತ ವೇದಿಕೆ ಮೇಲೆ ಕರೆದು ಹಾರ ಹಾಕಿದ್ದರು.

ಮೂರು ವರ್ಷದ ಹಿಂದೆ ಮಗ ನಮ್ಮಿಬ್ಬರನ್ನು ಹಿಮಾಚಲದ ಕುಲ್ಲುವಿಗೆ ಕರೆದುಕೊಂಡು ಹೋಗಿದ್ದ. ತೀರ್ಥನ್ ಅಂತ ಒಂದು ಹೊಳೆ. ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತದೆ. ಅದರಲ್ಲಿ ಟ್ರೌಟ್ ಅನ್ನುವ ಮೀನು, ಮೈಮೇಲೆಲ್ಲ ಚುಕ್ಕೆ. ಅದೇನೂ ನಮ್ಮ ದೇಶದ್ದಲ್ಲ. ಬ್ರಿಟಿಷರು ತಮ್ಮ ಗಾಳದ ಚಟಕ್ಕೆ ಮೊಟ್ಟೆ ತರಿಸಿ ಕಾಶ್ಮೀರ, ಕುಲ್ಲು, ನೀಲಗಿರಿಯ ಹೊಳೆಗಳಲ್ಲಿ ಬೆಳೆಸಿದ್ದು. ಆದರೂ ಅಲ್ಲಿ ಅದಕ್ಕೊಂದು ಮರ್ಯಾದೆ ಇದೆ. ಗಾಳ ಹಾಕುವವನಿಗೆ ಲೈಸೆನ್ಸ್ ಚೀಟಿ ಕೊಡುತ್ತಾರೆ. ಹೌದು, ಗಾಳಕ್ಕೇ! ದಿನಕ್ಕೆ ಇಷ್ಟೇ ಮೀನು, ಇಷ್ಟುದ್ದಕ್ಕಿಂತ ಚಿಕ್ಕದು ಸಿಕ್ಕರೆ ವಾಪಸ್ ನೀರಿಗೆ. ಚಳಿಗಾಲದಲ್ಲಿ ಅದು ಹೊಳೆಯ ತಳದ ಹರಳುಗಲ್ಲಿನಲ್ಲಿ ಮೊಟ್ಟೆ ಇಡುತ್ತದೆ ಅಂತ ನವೆಂಬರ್ 1ರಿಂದ ಫೆಬ್ರುವರಿ ಮುಗಿಯುವ ತನಕ ಯಾರೂ ಗಾಳ ಇಳಿಸುವಂತಿಲ್ಲ. ನನ್ನಂಥ ಮುದುಕನೂ ಸುಮ್ನೆ ಚೀಟಿ ತೋರಿಸಿ ದಿನವಿಡೀ ಕೂತಿದ್ದೆ. ಒಂದೂ ಸಿಗಲಿಲ್ಲ, ಅದು ಬೇರೆ ಮಾತು.

ಹಾಗಂತ ಇಲ್ಲಿಗೂ ಟ್ರೌಟ್ ತನ್ನಿ ಅಂತ ನಾನು ಹೇಳುತ್ತಿಲ್ಲ. ಇದನ್ನು ಓದಿ ಯಾರಾದರೂ ಯೋಜನೆ ಹಾಕಿಬಿಟ್ಟಾರು ಅಂತಲೇ ಭಯ. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ನೀರಲ್ಲೇ ಸಾರಾಗಿಬಿಡುತ್ತದೆ. ನಮ್ಮ ಕಾಟ್ಲಾ, ರೋಹು, ಗೆಂಡೆ ಸಾಕು. ಅವೂ ಮೊಟ್ಟೆ ಇಡುತ್ತವೆ, ಮಳೆಗಾಲದಲ್ಲಿ, ಹೊಸ ನೀರು ಬಂದಾಗ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಪ್ರವಾಹಕ್ಕೆ ಎದುರಾಗಿ ಏರುವ ಮೀನನ್ನು ಬಾಂದಾರದ ಬುಡದಲ್ಲಿ ನಿಂತು ಬಡಿಗೆಯಿಂದ ಹೊಡೆಯುತ್ತಾರೆ. ಆಗ ಜೀಪು ಎಲ್ಲಿರುತ್ತದೆ? ಸರ್ಕಾರದ ದುಡ್ಡಿನಲ್ಲಿ ಬಿಟ್ಟ ಬೆರಳುದ್ದದ ಮರಿಗಳನ್ನು ಸೊಳ್ಳೆ ಪರದೆಯಂಥ ಬಲೆಯಲ್ಲಿ ಬಳಿದು ಒಣಗಿಸಿ ಮಾರುತ್ತಾರೆ. ಆಗ ಎಲ್ಲಿರುತ್ತದೆ? ನಸುಕಿನಲ್ಲಿ ‘ಢಂ’ ಅಂತ ತೋಟೆ ಸಿಡಿದ ಸದ್ದು ನಮ್ಮ ಓಣಿಗೆ ಕೇಳುತ್ತದೆ, ಬೆಳಗಾಗುವಷ್ಟರಲ್ಲಿ ಮೀನು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತವೆ. ತೋಟೆ ಹಾಕುವುದು, ನೀರಿಗೆ ವಿಷ ಬೆರೆಸುವುದು ಅಪರಾಧ ಅಂತ ಬ್ರಿಟಿಷರ 1897ರ ಕಾಯ್ದೆಯಲ್ಲೇ ಇದೆ. ನೂರು ವರ್ಷ ದಾಟಿ ಹೋಯಿತು, ಆ ‘ಢಂ’ ಇನ್ನೂ ಇವರ ಕಿವಿಗೆ ಬಿದ್ದಿಲ್ಲ. ಮೊಮ್ಮಗನ ಕೈಯಲ್ಲಿದ್ದ ಗಾಳ ಮಾತ್ರ ಎರಡು ಫರ್ಲಾಂಗ್ ದೂರದಿಂದಲೇ ಕಾಣಿಸಿತು.

ಇವರ ಕಣ್ಣು ಯಾವಾಗಲೂ ಹಾಗೆಯೇ. ಮುಳುಗಡೆಯ ಕಾಲದಲ್ಲಿ ನಮ್ಮ ಹೊಲದಲ್ಲಿದ್ದ ಬಾವಿ ಸರ್ವೆಯವರಿಗೆ ಕಾಣಲೇ ಇಲ್ಲ. ಹನ್ನೆರಡು ಮಾವಿನ ಗಿಡ ಎಣಿಸಿ ಏಳು ಅಂತ ಬರೆದರು. ಅದನ್ನು ತಿದ್ದಿಸಲು ನಮ್ಮಪ್ಪ ಎಷ್ಟು ಬಾರಿ ಆ ಮೆಟ್ಟಿಲು ಹತ್ತಿದನೋ ದೇವರಿಗೇ ಗೊತ್ತು. ತಿದ್ದುಪಡಿ ಬರುವ ಹೊತ್ತಿಗೆ ಅವನೇ ಇರಲಿಲ್ಲ. ನವನಗರದಲ್ಲಿ ಕೊಟ್ಟ ನಿವೇಶನದ ಕಾಗದದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿದೆ. ಅದು ಇವತ್ತಿಗೂ ತಪ್ಪೇ. ಈಗ ಅಣೆಕಟ್ಟೆಯ ನೀರು 519.60 ಮೀಟರಿನಿಂದ 524.256ಕ್ಕೆ ಏರುತ್ತದಂತೆ. ಹಳೇ ಊರಲ್ಲಿ ಉಳಿದ ನಮ್ಮ ಓಣಿಯ ಗತಿ ಏನು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನೀರು ಮನೆ ಬಾಗಿಲಿಗೇ ಬಂದರೆ ಒಳ್ಳೆಯದೇ ಆಯಿತು ಬಿಡಿ, ಕಿಟಕಿಯಿಂದಲೇ ಗಾಳ ಬಿಡುತ್ತೇನೆ. ಅದಕ್ಕೂ ನಮೂನೆ ಇರುವುದಿಲ್ಲ, ದಂಡ ಇರುತ್ತದೆ.

ನನ್ನದು ಇಷ್ಟೇ. ಗಾಳಕ್ಕೆ ಲೈಸೆನ್ಸ್ ಬೇಕು ಅಂದರೆ ಲೈಸೆನ್ಸ್ ಕೊಡಿ. ಬೇಡ ಅಂದರೆ ದಂಡ ವಾಪಸ್ ಕೊಡಿ. ಎರಡೂ ಆಗದಿದ್ದರೆ ಆ ರಸೀದಿಯನ್ನಾದರೂ ಕೊಡಿ, ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕುತ್ತೇನೆ. ತೋಟೆಯವರನ್ನು ಹಿಡಿಯಿರಿ. ಹಿಡಿಯಲಿಕ್ಕೆ ಆಗದಿದ್ದರೆ ಜೀಪಿಗೆ ಸುಮ್ನೆ ಡೀಸೆಲ್ ಸುಡಬೇಡಿ. ದಂಡೆಗೆ ಹೋಗುವ ದಾರಿಯಲ್ಲಿ ಬೀದಿದೀಪ ಕೆಟ್ಟು ಎಂಟು ತಿಂಗಳಾಯಿತು, ಅದನ್ನೂ ಯಾರಾದರೂ ನೋಡಲಿ. ಮತ್ತೆ ಆ ಕೋಲು. ಬಿದಿರು ಹೋದರೆ ಹೋಗಲಿ, ಆ ಸೆರಗಿನ ತುಂಡು ಬಿಚ್ಚಿ ಕೊಡಿ. ಮನೆಯಲ್ಲಿ ಕೇಳುತ್ತಿದ್ದಾರೆ.

ಸಂಪಾದಕರೇ, ಬೀದಿನಾಯಿ ಬಗ್ಗೆ ಬರೆದ ಕಳೆದ ಪತ್ರವನ್ನು ನಾಲ್ಕು ಸಾಲಿಗೆ ಕತ್ತರಿಸಿದ್ದಿರಿ. ಇದನ್ನಾದರೂ ಪೂರ್ತಿ ಹಾಕಿ. ‘ಗಾಳ ವಶ’ ಅನ್ನುವುದನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದಿರಲ್ವಾ?

– ಒಬ್ಬ ಅಕ್ರಮ ಮೀನುಗಾರ, ಹಳೇ ಬಾಗಲಕೋಟೆ