ಕುಂಬಳಕಾಯಿ ಒಡೆದ ಮೇಲೆ

ಪ್ರಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅರ್ಧ ಚಿತ್ರೀಕರಣವಾಗಿ ನಿಂತುಹೋದ ಸಿನಿಮಾ, ಮೊದಲ ನಿರ್ದೇಶಕರು ಬಿಟ್ಟು ಹೋಗಿದ್ದಾರೆ, ಇಪ್ಪತ್ತೆರಡು ದಿನಗಳಲ್ಲಿ ಉಳಿದದ್ದನ್ನು ಮುಗಿಸಿಕೊಡಬೇಕಂತೆ, ಒಪ್ಪಿಕೊಳ್ಳಲೇ ಎಂದು ಕೇಳಿದೆ. ಅದೂ ಸೈಕಲಾಜಿಕಲ್ ಥ್ರಿಲ್ಲರ್. ಎಂಟು ವರ್ಷ ಸಹಾಯಕ ನಿರ್ದೇಶಕನಾಗಿ ಬಿಸಿಲಲ್ಲಿ ನಿಂತವನಿಗೆ ಮೊದಲ ಸಲ ಇಂಥ ಕರೆ ಬಂದಿದೆ. ನಿನ್ನ ದನಿಯಲ್ಲಿ ಅಷ್ಟು ಸಂತೋಷವಿತ್ತು. ಅದರ ಮೇಲೆ ತಣ್ಣೀರು ಸುರಿಯಲು ನನಗೆ ಬಾಯಿ ಬರಲಿಲ್ಲ. ‘ಯೋಚಿಸಿ ಹೇಳುತ್ತೇನೆ’ ಎಂದು ಫೋನ್ ಇಟ್ಟೆ.

ಇಟ್ಟಮೇಲೆ ನಿದ್ದೆ ಬರಲಿಲ್ಲ. ಎದ್ದು ಕೂತು ‘ದಿ ಸ್ನೋಮ್ಯಾನ್’ ಸಿನಿಮಾವನ್ನು ಮತ್ತೊಮ್ಮೆ ಪೂರ್ತಿ ನೋಡಿದೆ. 2017ರಲ್ಲಿ ಅದು ಬಿಡುಗಡೆಯಾದಾಗ ನಾವಿಬ್ಬರೂ ಒಟ್ಟಿಗೆ ನೋಡಿದ್ದು ನಿನಗೆ ನೆನಪಿರಬೇಕು. ಹೊರಗೆ ಬಂದು ಕಾಫಿ ಕುಡಿಯುತ್ತಾ ನೀನು, ‘ಎರಡು ರೀಲು ಎಲ್ಲೋ ಬಿದ್ದುಹೋದಂತಿದೆ’ ಎಂದಿದ್ದೆ. ನೀನು ಆಡಿದ್ದು ಬಹುಮಟ್ಟಿಗೆ ನಿಜವಾಗಿತ್ತು. ಅದನ್ನು ಆ ಚಿತ್ರದ ನಿರ್ದೇಶಕರೇ ಒಪ್ಪಿಕೊಂಡರು. ನಿನ್ನ ಪ್ರಶ್ನೆಗೆ ಉತ್ತರ ಆ ಚಿತ್ರದ ಕಥೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಈ ಪತ್ರ.

ಮೂಲ ಕಾದಂಬರಿ ನಾರ್ವೆಯ ಯೋ ನೆಸ್ಬೊ ಅವರದು, 2007ರಲ್ಲಿ ಬಂದದ್ದು. ಹ್ಯಾರಿ ಹೋಲೆ ಎಂಬ ಪತ್ತೇದಾರನ ಸರಣಿಯಲ್ಲಿ ಅದು ಏಳನೆಯ ಪುಸ್ತಕ. ಅದನ್ನು ತೆರೆಗೆ ತರಲು ಮೊದಲು ಗೊತ್ತಾಗಿದ್ದವರು ಮಾರ್ಟಿನ್ ಸ್ಕಾರ್ಸೆಸಿ. ಅವರು 2013ರಲ್ಲಿ ನಿರ್ದೇಶನದಿಂದ ಹಿಂದೆ ಸರಿದು ನಿರ್ಮಾಪಕರ ಸಾಲಿನಲ್ಲಿ ಮಾತ್ರ ಉಳಿದರು. ಮರುವರ್ಷ ಸ್ವೀಡನ್ನಿನ ಟೋಮಾಸ್ ಆಲ್ಫ್ರೆಡ್‌ಸನ್ ಹೆಸರು ಬಂತು. ‘ಲೆಟ್ ದಿ ರೈಟ್ ಒನ್ ಇನ್’ ಮತ್ತು ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಮಾಡಿದವರು. ಹಿಮ, ಮೌನ, ಒಳಗೇ ಕುದಿಯುವ ಮನುಷ್ಯರು, ಇವೆಲ್ಲ ಅವರ ಕೈಗೆ ಪಳಗಿದ ವಸ್ತುಗಳು. ಇವರಿಗಿಂತ ಸರಿಯಾದ ಆಯ್ಕೆ ಯಾವುದಿತ್ತು ಎಂದು ಇಂದಿಗೂ ಕೇಳುತ್ತೇನೆ. ನಾಯಕ ಮೈಕೆಲ್ ಫಾಸ್‌ಬೆಂಡರ್. ಬಂಡವಾಳ ಸುಮಾರು 3.5 ಕೋಟಿ ಡಾಲರ್.

ಹಾಗಾದರೆ ಕೆಟ್ಟದ್ದು ಎಲ್ಲಿ? ಬಿಡುಗಡೆಯ ಹೊತ್ತಿನಲ್ಲಿ ಆಲ್ಫ್ರೆಡ್‌ಸನ್ ನಾರ್ವೆಯ ಸರ್ಕಾರಿ ಪ್ರಸಾರ ಸಂಸ್ಥೆ ಎನ್‌ಆರ್‌ಕೆಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಹಣ ಸಿಕ್ಕಿದೆ, ಶುರು ಮಾಡಬಹುದು ಎಂಬ ಸುದ್ದಿ ದಿಢೀರನೆ ಬಂತಂತೆ. ನಾರ್ವೆಯಲ್ಲಿ ಸಿಕ್ಕಿದ ದಿನಗಳು ತೀರಾ ಕಡಿಮೆಯಾದವಂತೆ. ಚಿತ್ರಕಥೆಯ ಶೇ 10ರಿಂದ 15ರಷ್ಟು ಭಾಗ ಚಿತ್ರೀಕರಣವಾಗಲೇ ಇಲ್ಲವಂತೆ. ಸಂಕಲನಕ್ಕೆ ಕೂತಾಗಲೇ ಎಷ್ಟು ಇಲ್ಲ ಎಂಬುದು ಕಂಡಿತು, ಚಿತ್ರದ ತುಂಡುಗಳನ್ನು ಜೋಡಿಸುವ ಆಟದಲ್ಲಿ ಕೆಲವು ತುಂಡು ಕಳೆದುಹೋದರೆ ಪೂರ್ತಿ ಚಿತ್ರ ಕಾಣುವುದಿಲ್ಲವಲ್ಲ, ಹಾಗೆ, ಎಂದರು.

ನೂರು ದೃಶ್ಯಗಳ ಸಿನಿಮಾದಲ್ಲಿ ಹತ್ತು ಹದಿನೈದು ದೃಶ್ಯ ಇಲ್ಲದಿದ್ದರೆ ಏನಾಗುತ್ತದೆ ಎಂದು ಸಂಕಲನದ ಮೇಜಿನಲ್ಲಿ ಕೂರುವ ನನಗೆ ಚೆನ್ನಾಗಿ ಗೊತ್ತು. ಸಂಸಾರದ ಕಥೆಯಾದರೆ ಹೇಗೋ ನಡೆಯುತ್ತದೆ. ಒಂದು ಹಾಡು ಹಾಕಿ ಆರು ತಿಂಗಳು ದಾಟಿಸಬಹುದು. ಥ್ರಿಲ್ಲರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪ್ರೇಕ್ಷಕನೂ ಪತ್ತೇದಾರನೇ. ಮೇಜಿನ ಮೇಲಿನ ಲೋಟ, ಅರ್ಧ ತೆರೆದ ಬಾಗಿಲು, ಒಬ್ಬಳು ಮಾತಿನ ನಡುವೆ ಕಣ್ಣು ತಪ್ಪಿಸಿದ್ದು, ಎಲ್ಲವನ್ನೂ ಅವನು ಗಂಟು ಕಟ್ಟಿಕೊಂಡು ಕೂತಿರುತ್ತಾನೆ. ಕೊನೆಯಲ್ಲಿ ಆ ಗಂಟು ಬಿಚ್ಚಿದಾಗ ಒಂದು ವಸ್ತು ಇಲ್ಲದಿದ್ದರೂ ಅವನಿಗೆ ಮೋಸವಾದಂತೆ ಅನ್ನಿಸುತ್ತದೆ. ‘ಸ್ನೋಮ್ಯಾನ್’ನಲ್ಲಿ ಜೆ.ಕೆ. ಸಿಮನ್ಸ್ ಮಾಡಿದ ಶ್ರೀಮಂತನ ಪಾತ್ರವನ್ನೇ ನೋಡು. ಅಷ್ಟು ದೊಡ್ಡ ನಟ, ಅಷ್ಟು ಗುಮಾನಿ ಹುಟ್ಟಿಸುವ ಪ್ರವೇಶ. ಆಮೇಲೆ ಆ ಎಳೆ ಎಲ್ಲಿಗೂ ಹೋಗದೆ ನಿಂತುಬಿಡುತ್ತದೆ. ಟ್ರೇಲರಿನಲ್ಲಿ ಕಂಡ ಕೆಲವು ತುಣುಕುಗಳು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಪೋಸ್ಟರಿನ ಮೇಲೆ ಕೊಲೆಗಾರ, ಎಲ್ಲ ಸುಳಿವನ್ನೂ ಕೊಟ್ಟಿದ್ದೆನಲ್ಲ ಎಂದು ಪೊಲೀಸರಿಗೆ ಬರೆದ ಚೀಟಿ ಇತ್ತು. ಜಗತ್ತೆಲ್ಲ ಅದನ್ನು ಹಿಡಿದು ನಕ್ಕಿತು. ನನಗೆ ನಗು ಬರಲಿಲ್ಲ. ಆ ಚಿತ್ರಕ್ಕಾಗಿ ಮಂಜಿನಲ್ಲಿ ನಡುಗುತ್ತಾ ಲೈಟು ಹಿಡಿದವರ ನೆನಪಾಯಿತು.

ಮೊದಲ ದೃಶ್ಯವನ್ನು ನೀನು ದಯವಿಟ್ಟು ಮತ್ತೆ ನೋಡು. ಒಂಟಿ ಮನೆ, ತಾಯಿ, ಪುಟ್ಟ ಹುಡುಗ. ಮನೆಗೆ ಬಂದುಹೋದ ಗಂಡಸಿನ ಹಿಂದೆ ತಾಯಿ ಮಗನನ್ನು ಕೂರಿಸಿಕೊಂಡು ಕಾರು ಓಡಿಸುತ್ತಾಳೆ. ಒಂದು ಗಳಿಗೆಯಲ್ಲಿ ಸ್ಟೀರಿಂಗಿನಿಂದ ಕೈ ತೆಗೆದುಬಿಡುತ್ತಾಳೆ. ಕಾರು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗಿ ನಿಲ್ಲುತ್ತದೆ. ಹುಡುಗ ಹೊರಗೆ ಬರುತ್ತಾನೆ. ತಾಯಿ ಕದಲುವುದಿಲ್ಲ. ಮಂಜುಗಡ್ಡೆ ಬಿರಿಯುತ್ತದೆ, ಕಾರು ಮುಳುಗುತ್ತದೆ, ಆಕೆ ಹಾಗೇ ಕೂತಿರುತ್ತಾಳೆ. ಯಾವ ಅಬ್ಬರವೂ ಇಲ್ಲ. ನಿನ್ನೆ ರಾತ್ರಿ ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಕೈ ತೆಗೆಯುವುದು, ಮುಖ, ಕಿಟಕಿಯಾಚೆಯ ಬಿಳುಪು, ಹುಡುಗನ ಕಣ್ಣು, ಬೇಕಾದದ್ದೆಲ್ಲ ಅಲ್ಲಿದೆ. ಇಂಥದ್ದನ್ನು ತೆಗೆಯಬಲ್ಲ ಮನುಷ್ಯನಿಗೆ ಕೆಲಸ ಬರಲಿಲ್ಲ ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ದಿನಗಳು ಸಿಗಲಿಲ್ಲ, ಅಷ್ಟೇ.

ದಿನಗಳು ಎಂದೆನಲ್ಲ, ಆ ಊರುಗಳಲ್ಲಿ ಒಂದು ದಿನ ಎಂದರೆ ಎಷ್ಟು ಎಂಬುದನ್ನೂ ಯೋಚಿಸು. ಚಿತ್ರೀಕರಣ ಶುರುವಾದದ್ದು 2016ರ ಜನವರಿಯಲ್ಲಿ. ಆ ತಿಂಗಳಲ್ಲಿ ಓಸ್ಲೋ ನಗರಕ್ಕೆ ಹಗಲು ಸುಮಾರು ಏಳೇ ಗಂಟೆ. ಚಿತ್ರೀಕರಣ ನಡೆದ ಜಾಗಗಳಲ್ಲಿ ರ‍್ಯೂಕಾನ್ ಎಂಬ ಕಣಿವೆಯ ಊರೂ ಒಂದು. ಚಳಿಗಾಲದುದ್ದಕ್ಕೂ ಬೆಟ್ಟಗಳ ನೆರಳು ಕವಿದು ನೇರ ಬಿಸಿಲೇ ಬೀಳದ ಆ ಊರಿನ ಚೌಕಕ್ಕೆ ಬೆಳಕು ಹಾಯಿಸಲು 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನೇ ನಿಲ್ಲಿಸಿದ್ದಾರೆ. ಅಂಥ ಕಡೆ ಒಂದು ದಿನ ತಪ್ಪಿದರೆ ಹೋದದ್ದು ಹೋದಂತೆಯೇ. ಕಥೆಗೆ ಬೇಕಾದ ಹಿಮವೂ ಯಾರಿಗಾಗಿಯೂ ಕಾಯುವುದಿಲ್ಲ.

ನಿನಗೆ ಬೇಸರವಾಗುವ ಇನ್ನೊಂದು ವಿಷಯವನ್ನೂ ಬರೆಯುತ್ತೇನೆ. ಆ ಚಿತ್ರದ ಸಂಕಲನಕ್ಕೆ ಪರದೆಯ ಮೇಲೆ ಎರಡು ಹೆಸರುಗಳಿವೆ. ಒಂದು ಕ್ಲೇರ್ ಸಿಂಪ್ಸನ್, ‘ಪ್ಲಟೂನ್’ ಚಿತ್ರಕ್ಕೆ ಆಸ್ಕರ್ ಪಡೆದವರು. ಇನ್ನೊಂದು ಥೆಲ್ಮಾ ಸ್ಕೂನ್‌ಮೇಕರ್, ಸ್ಕಾರ್ಸೆಸಿಯವರ ಚಿತ್ರಗಳಿಗೆ ಮೂರು ಸಲ ಅದೇ ಪ್ರಶಸ್ತಿ ಪಡೆದವರು. ನನ್ನ ಕಸುಬಿನಲ್ಲಿ ಅವರನ್ನು ಗುರುಸ್ಥಾನದಲ್ಲಿಟ್ಟು ನೋಡುತ್ತೇವೆ. ಅಂಥ ಇಬ್ಬರು ಕೂತರೂ ಆ ಸಿನಿಮಾ ನಿಲ್ಲಲಿಲ್ಲ. ನಿರ್ಮಾಪಕರು ನಿನಗೆ, ‘ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ ಬಿಡಿ’ ಎಂದಾಗ ಈ ಎರಡು ಹೆಸರುಗಳನ್ನು ನೆನಪು ಮಾಡಿಕೋ. ಇರುವುದರಲ್ಲಿ ಹೆಚ್ಚಾದದ್ದನ್ನು ತೆಗೆಯುವುದು ನಮಗೆ ಗೊತ್ತು. ತೆಗೆಯದೇ ಬಿಟ್ಟ ಶಾಟನ್ನು ಎಲ್ಲಿಂದ ತರುವುದು?

ವಾಲ್ ಕಿಲ್ಮರ್ ಅವರ ಭಾಗ ನೋಡುವಾಗ ಮಾತ್ರ ನನ್ನಿಂದ ಸಂಕಲನಕಾರನ ಕಣ್ಣಿನಲ್ಲಿ ನೋಡಲಾಗಲಿಲ್ಲ. ಬರ್ಗೆನ್ ನಗರದ ಪೊಲೀಸ್ ಅಧಿಕಾರಿಯ ಪಾತ್ರ ಅವರದು. ಗಂಟಲು ಕ್ಯಾನ್ಸರ್ ಅವರ ದನಿಯನ್ನು ಕಸಿದುಕೊಂಡಿತ್ತು. ಪರದೆಯ ಮೇಲೆ ಕೇಳುವುದು ಬೇರೆಯವರ ದನಿ. ತುಟಿಗೂ ಮಾತಿಗೂ ಹೊಂದುವುದಿಲ್ಲ. ನಮ್ಮಲ್ಲಿ ‘ಜೇಮ್ಸ್’ ಬಂದಾಗ ಅಪ್ಪು ಅವರ ಪಾತ್ರಕ್ಕೆ ಶಿವಣ್ಣ ದನಿ ಕೊಟ್ಟಿದ್ದರಲ್ಲ, 2022ರ ಮಾರ್ಚ್ 17ರಂದು ಚಿತ್ರಮಂದಿರದಲ್ಲಿ ಅಣ್ಣನ ದನಿಯಲ್ಲಿ ತಮ್ಮನ ಮಾತು ಕೇಳಿ ಅಳದವರಿರಲಿಲ್ಲ. ಅಲ್ಲಿಯೂ ದನಿ ಬೇರೆಯದೇ. ಆದರೆ ಅದು ಯಾರ ದನಿ, ಏಕೆ ಎಂಬುದು ಪ್ರತಿಯೊಬ್ಬರಿಗೂ ತಿಳಿದಿತ್ತು, ಆ ದನಿಯಲ್ಲಿ ಪ್ರೀತಿಯಿತ್ತು. ಇಲ್ಲಿ ಕಾಯಿಲೆಬಿದ್ದ ದೊಡ್ಡ ನಟನೊಬ್ಬ ಅವಸರದಲ್ಲಿ ಹೊಲಿದ ತೇಪೆಯಂತೆ ಕಾಣುತ್ತಾನೆ. ಅದು ನನಗೆ ಬಹಳ ನೋವು ಕೊಟ್ಟಿತು.

ನಿರ್ದೇಶಕರು ಬದಲಾದದ್ದೇ ತಪ್ಪು ಎಂದು ನಾನು ಹೇಳುತ್ತಿದ್ದೇನೆ ಎಂದು ತಿಳಿಯಬೇಡ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರವನ್ನು ಮೊದಲು ನಿರ್ದೇಶಿಸಬೇಕಿದ್ದವರು ನಟ ಜೀನ್ ಹ್ಯಾಕ್‌ಮನ್. ಅವರು ಬಿಟ್ಟ ಮೇಲೆ ಜೊನಾಥನ್ ಡೆಮ್ಮಿ ಬಂದರು. 1991ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಐದೂ ಪ್ರಮುಖ ಆಸ್ಕರ್ ಸಿಕ್ಕವು. ಬಂದವರು ಕಥೆಯನ್ನು ತಮ್ಮದಾಗಿ ಮಾಡಿಕೊಂಡರು, ಸಿನಿಮಾ ಗೆದ್ದಿತು. ‘ಸ್ನೋಮ್ಯಾನ್’ನ ಚಿತ್ರಕಥೆಗೆ ಪರದೆಯ ಮೇಲೆ ಮೂವರ ಹೆಸರಿದೆ. ಮೂವರೂ ಸಮರ್ಥರೇ. ಆದರೂ ಇದು ಯಾರ ಕಥೆ ಎಂದು ಸಿನಿಮಾ ಮುಗಿಯುವವರೆಗೂ ನನಗೆ ತಿಳಿಯಲಿಲ್ಲ.

ಈಗ ನನ್ನ ಅನುಭವ. ನಿನಗೆ ಅರ್ಧ ಗೊತ್ತು, ಉಳಿದರ್ಧವನ್ನು ಇವತ್ತೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನೂ ಇಂಥದೇ ಒಂದು ಚಿತ್ರದ ಸಂಕಲನಕ್ಕೆ ಕೂತಿದ್ದೆ. ಹೆಸರು ಬೇಡ. ನಡುವೆ ನಿರ್ದೇಶಕರು ಬದಲಾಗಿದ್ದರು. ಒಂದು ದೃಶ್ಯದಲ್ಲಿ ನಾಯಕಿ ಮೇಜಿನ ಡ್ರಾಯರ್ ಎಳೆಯುತ್ತಾಳೆ, ಒಳಗೆ ನೋಡುತ್ತಾಳೆ, ಬೆಚ್ಚುತ್ತಾಳೆ. ಮುಖದ ಕ್ಲೋಸಪ್ ಅದ್ಭುತವಾಗಿತ್ತು. ಒಳಗೆ ಏನಿದೆ ಎಂಬ ಶಾಟ್ ಇರಲಿಲ್ಲ. ಮೊದಲಿನವರು ಆಮೇಲೆ ತೆಗೆಯೋಣವೆಂದು ಬಿಟ್ಟಿದ್ದರು. ಆಮೇಲೆ ಬಂದವರು ತೆಗೆದಿರುತ್ತಾರೆಂದು ನಂಬಿದ್ದರು. ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದಾಗಿತ್ತು. ನಾಯಕಿ ಬೇರೆ ಚಿತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಿದ್ದರು, ಕಾಲ್‌ಶೀಟ್ ಇಲ್ಲ. ರಾತ್ರಿ ಒಂದು ಗಂಟೆಗೆ ನಮ್ಮ ಸ್ಟುಡಿಯೋದ ಹಳೆಯ ಮೇಜಿನ ಡ್ರಾಯರ್ ಖಾಲಿ ಮಾಡಿ, ಕೆಂಪು ದಾರ ಕಟ್ಟಿದ ಬೀಗದ ಕೈಯೊಂದನ್ನು ಒಳಗಿಟ್ಟು, ಸಹಾಯಕಿಯೊಬ್ಬಳ ಕೈಯಿಂದ ಎಳೆಸಿ ಪ್ಯಾಚ್ ಶಾಟ್ ತೆಗೆದೆವು. ಆ ಹುಡುಗಿ ಪಾಪ, ಹೊಳಪು ಕಾಣಬಾರದೆಂದು ಉಗುರಿನ ಬಣ್ಣವನ್ನೆಲ್ಲ ಒರೆಸಿಕೊಂಡು ಬಂದಿದ್ದಳು. ಬಳೆಯನ್ನು ಯಾರೂ ನೋಡಲಿಲ್ಲ. ದೃಶ್ಯದಲ್ಲಿ ನಾಯಕಿಯ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು, ನಮ್ಮ ಶಾಟಿನಲ್ಲಿ ಬರಿಗೈ.

ಮೊದಲ ದಿನ ಚಿತ್ರಮಂದಿರದಲ್ಲಿ ನನ್ನ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಪಕ್ಕದವರಿಗೆ, ‘ಡ್ರಾಯರ್ ತೆಗೆದದ್ದು ಬೇರೆ ಯಾರೋ, ಅವಳೇ ಕೊಲೆ ಮಾಡಿರಬೇಕು’ ಎಂದರು. ಆಮೇಲೆ ಒಂದು ಗಂಟೆ ಅವರು ಆ ಬಳೆಯಿಲ್ಲದ ಕೈಯವಳಿಗಾಗಿ ಕಾದರು. ಅಂಥವಳು ಕಥೆಯಲ್ಲೇ ಇರಲಿಲ್ಲ. ಆಕೆ ಗಮನವಿಟ್ಟು ನೋಡಿದ್ದಕ್ಕೆ ನಾವು ಕೊಟ್ಟ ಪ್ರತಿಫಲ ಅದು. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಆ ಸಿನಿಮಾ ಸೋತಾಗ ಪತ್ರಿಕೆಗಳು ಬೈದದ್ದು ಎರಡನೆಯ ನಿರ್ದೇಶಕರನ್ನು. ಅವರಿಗೆ ಮತ್ತೊಂದು ಚಿತ್ರ ಸಿಗಲಿಲ್ಲ.

ನಿನಗೆ ಹಾಗಾಗಬಾರದು. ಅದನ್ನೇ ನಿನ್ನೆ ರಾತ್ರಿ ಹೇಳಬೇಕಿತ್ತು, ಹೇಳಲಾಗಲಿಲ್ಲ.

ಬೇಡ ಎಂದು ನಾನು ಹೇಳುವುದಿಲ್ಲ. ನೀನು ಹೇಳಿದ ಕಥೆ ಚೆನ್ನಾಗಿದೆ, ಆ ತಂಗಿಯ ಪಾತ್ರವಂತೂ ರಾತ್ರಿಯಿಡೀ ನನ್ನ ತಲೆಯಲ್ಲಿತ್ತು. ಆದರೆ ಅಡ್ವಾನ್ಸ್ ಮುಟ್ಟುವ ಮೊದಲು ಈವರೆಗೆ ತೆಗೆದದ್ದನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ಕೇಳಿ ತೆಗೆದುಕೋ. ಕೊಡುವುದಿಲ್ಲ ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ ಬಾ. ಕೊಟ್ಟರೆ ಶನಿವಾರ ಬೆಳಿಗ್ಗೆ ನೇರವಾಗಿ ನನ್ನ ಹತ್ತಿರ ಬಾ. ಚಿತ್ರಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಶಾಟ್ ಇದೆಯೇ ಇಲ್ಲವೇ ಎಂದು ಗುರುತು ಹಾಕೋಣ. ಹಿಂದಿನ ನಿರ್ದೇಶಕರಿಗೂ ಒಮ್ಮೆ ಫೋನ್ ಮಾಡು. ನಿನಗಿಂತ ಹಿರಿಯರು, ಮಗುವನ್ನು ಬಿಟ್ಟು ಬಂದಂತೆ ಆಗಿರುತ್ತದೆ ಅವರಿಗೆ. ಗೌರವದಿಂದ ಕೇಳಿದರೆ ಏನೇನು ಉಳಿಸಿದ್ದರು ಎಂದು ಹೇಳುತ್ತಾರೆ. ಆ ಪಟ್ಟಿಗೆ ಇಪ್ಪತ್ತೆರಡು ದಿನ ಸಾಕೋ, ನಲವತ್ತು ಬೇಕೋ ಸಂಜೆಯೊಳಗೆ ತಿಳಿಯುತ್ತದೆ. ನಲವತ್ತಾದರೆ ಅದನ್ನು ಒಪ್ಪಂದದಲ್ಲಿ ಬರೆಸಿಕೋ. ನಿರ್ಮಾಪಕರ ಎದುರು ಅದನ್ನು ಹೇಳಲು ನಿನಗೆ ಸಂಕೋಚವಾದರೆ ನಾನು ಜೊತೆಗೆ ಬರುತ್ತೇನೆ.

ಮಧ್ಯಾಹ್ನದ ಊಟ ಮನೆಯಿಂದ ತರುತ್ತೇನೆ. ನೀನು ಡಿಸ್ಕ್ ಮತ್ತು ಚಿತ್ರಕಥೆಯ ಎರಡು ಪ್ರತಿ ತಾ. ಕೆಂಪು ಪೆನ್ನು ನನ್ನ ಬಳಿ ಇದೆ.

ನಿನ್ನ ಗೆಳೆಯ