ಅಮ್ಮಾ, ಮೆಟ್ಟಿಲು ನೋಡಿ ಕಾಲಿಡು

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಅಪ್ಪನೂ ಬಂದಾಗ, ಮನೆಯಂತೆ ಒಳಗೇ ಇರಬಹುದಾದ ಗಾಡಿ ಇದೆಯಲ್ಲ, ಆ ಮೋಟರ್‌ಹೋಮಿನಲ್ಲೇ ಸುತ್ತಾಡೋಣ ಅಂದಿದ್ದಕ್ಕೆ ನೀನು ಕೇಳಿದ್ದು ಒಂದೇ, "ಈ ಮಂಡಿ ಇಟ್ಕೊಂಡು ಅಷ್ಟೆತ್ತರದ ಗಾಡಿ ಹೇಗೋ ಹತ್ತಲಿ?" ಅವತ್ತು ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಪತ್ರ. ಅಪ್ಪನಿಗೂ ಓದಿ ಹೇಳು. ವೈರು, ಫ್ಯೂಸು ಅಂದರೆ ಅವರಿಗೆ ಇಷ್ಟ.

ಬಾಗಿಲ ಕೆಳಗೆ ಮಡಚಿಕೊಳ್ಳುವ ಮೆಟ್ಟಿಲಿದೆ. ಬಾಗಿಲು ತೆಗೆದರೆ ತಾನೇ ಹೊರಗೆ ಬರುತ್ತದೆ, ಹಾಕಿದರೆ ಒಳಗೆ ಹೋಗುತ್ತದೆ. ಬಾಗಿಲಿನಲ್ಲಿ ಒಂದು ಪುಟ್ಟ ಅಯಸ್ಕಾಂತ, ಚೌಕಟ್ಟಿನಲ್ಲಿ ಅದರ ಎದುರಿಗೆ ಒಂದು ಸ್ವಿಚ್ ಇದೆ. ಎರಡೂ ಹತ್ತಿರ ಇದ್ದರೆ ಬಾಗಿಲು ಹಾಕಿದೆ ಅಂತ ಲೆಕ್ಕ, ದೂರವಾದರೆ ತೆಗೆದಿದೆ ಅಂತ. ಅದನ್ನು ನೋಡಿಕೊಂಡು ಕೆಳಗಿನ ಕಂಟ್ರೋಲ್ ಬಾಕ್ಸು 12 ವೋಲ್ಟಿನ ಮೋಟಾರನ್ನು ಈ ಕಡೆಗೋ ಆ ಕಡೆಗೋ ತಿರುಗಿಸುತ್ತದೆ.

ನನಗೆ ಭಯ ಇರುವುದು ಇಲ್ಲೇ. ಮೆಟ್ಟಿಲಿಗೆ ಗೊತ್ತಾಗುವುದು ಬಾಗಿಲು ಮಾತ್ರ, ಮನುಷ್ಯರು ಅಲ್ಲ. ನೀನು ಅದರ ಮೇಲೆ ನಿಂತಿರುವಾಗ ಒಳಗಿನಿಂದ ಯಾರಾದರೂ ಬಾಗಿಲು ಎಳೆದುಕೊಂಡರೆ ಅದು ಒಳಗೆ ಸರಿಯೋಕೆ ನೋಡುತ್ತದೆ. ರಾತ್ರಿ ಬಾಗಿಲು ತೆಗೆದು ಅದು ಪೂರ್ತಿ ಬರುವ ಮೊದಲೇ ಕಾಲಿಟ್ಟರೆ ಕಾಲ ಕೆಳಗೆ ಏನೂ ಇರುವುದಿಲ್ಲ, ನಿನ್ನ ಮಂಡಿಗೆ ಅಂಥ ಒಂದು ಪೆಟ್ಟು ಸಾಕು.

ಅದಕ್ಕೆ ದಾರಿ ಇದೆ. ಬಾಗಿಲ ಪಕ್ಕ ಒಳಗಡೆ ಇನ್ನೊಂದು ಸ್ವಿಚ್ ಇದೆ, ಕೈಯಿಂದ ಒತ್ತುವುದು. ಗಾಡಿ ನಿಲ್ಲಿಸಿದ ತಕ್ಷಣ ಬಾಗಿಲು ತೆಗೆದು, ಮೆಟ್ಟಿಲು ಪೂರ್ತಿ ಹೊರಗೆ ಬಂದ ಮೇಲೆ ಅದನ್ನು ಆಫ್ ಮಾಡುತ್ತೇನೆ. ಆಮೇಲೆ ಬಾಗಿಲು ಎಷ್ಟು ಸಲ ತೆಗೆದು ಹಾಕಿದರೂ ಮೆಟ್ಟಿಲು ಅಲ್ಲೇ ಇರುತ್ತದೆ. ಹಗಲೂ ರಾತ್ರಿ ಅದೇ ಜಾಗ, ಅದೇ ಎತ್ತರ. ಮತ್ತೆ ಹೊರಡುವಾಗ ಬಾಗಿಲು ಹಾಕಿ ಕೀ ತಿರುಗಿಸಿದರೆ, ಸ್ವಿಚ್ ಆಫ್ ಇದ್ದರೂ ತಾನಾಗಿ ಒಳಗೆ ಹೋಗುತ್ತದೆ. ಚಾಚಿಕೊಂಡೇ ಓಡಿಸಿ ಎಲ್ಲಾದರೂ ತಾಗಿಸದೆ ಇರಲಿ ಅಂತ ಹಾಗೆ ಮಾಡಿದ್ದಾರೆ. ಅದಕ್ಕೇ ಇಂಜಿನ್ ಶುರುವಾದ ಮೇಲೆ ಯಾರೂ ಮೆಟ್ಟಿಲ ಹತ್ತಿರ ಇರಬಾರದು, ಮಕ್ಕಳಿಗೂ ಹೇಳಿದ್ದೇನೆ.

ಅಪ್ಪನಿಗೆ ಇದೊಂದು ಹೇಳು. ಹೋದ ತಿಂಗಳು ಹೊರಡುವಾಗ ಕನ್ನಡಿಯಲ್ಲಿ ನೋಡಿದರೆ ಮೆಟ್ಟಿಲು ಹೊರಗೇ ಇದೆ. ಬಾಗಿಲು ಹಾಕಿದೆ, ಕೀ ಆನ್ ಇದೆ, ಫ್ಯೂಸ್ ಸರಿ ಇದೆ, ಬ್ಯಾಟರಿಯೂ ಚೆನ್ನಾಗಿದೆ, ಮೋಟಾರೇ ಹೋಯ್ತೇನೋ ಅಂದುಕೊಂಡು ಗಾಡಿ ಕೆಳಗೆ ಮಲಗಿ ತುಂಬ ಹೊತ್ತು ವೈರುಗಳನ್ನೇ ನೋಡುತ್ತಿದ್ದೆ. ಕೊನೆಗೆ ಒಂದು ಅಯಸ್ಕಾಂತ ತಂದು ಚೌಕಟ್ಟಿನ ಸ್ವಿಚ್ಚಿಗೆ ಹಿಡಿದೆ. ಮೆಟ್ಟಿಲು ತಕ್ಷಣ ಒಳಗೆ ಹೋಯಿತು! ಅಂದರೆ ಮೋಟಾರು, ಬಾಕ್ಸು, ವೈರು ಎಲ್ಲ ಸರಿ ಅಂತಾಯ್ತಲ್ಲ. ಓಡಾಟದ ಕುಲುಕಾಟಕ್ಕೆ ಬಾಗಿಲಿನ ಅಯಸ್ಕಾಂತದ ಸ್ಕ್ರೂ ಸಡಿಲವಾಗಿ ಅದು ಸ್ವಲ್ಪ ಜರುಗಿತ್ತು, ಅಷ್ಟೇ. ಬಾಗಿಲು ಇನ್ನೂ ತೆಗೆದೇ ಇದೆ ಅಂತ ಬಾಕ್ಸು ತಿಳಿದುಕೊಂಡಿತ್ತು. ಜಾಗಕ್ಕೆ ಕೂರಿಸಿ ಬಿಗಿ ಮಾಡಿದೆ. ಈಗಲೂ ಪ್ರತಿ ಸಲ ಇಳಿದು ಕಣ್ಣಾರೆ ನೋಡಿಯೇ ಹೊರಡುತ್ತೇನೆ.

ಕೀಲುಗಳನ್ನೂ ತೊಳೆದು ಸಿಲಿಕಾನ್ ಸ್ಪ್ರೇ ಹೊಡೆದಿದ್ದೇನೆ. ಗ್ರೀಸ್ ಹಾಕಿಲ್ಲ, ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿಕೊಂಡು ಮೆಟ್ಟಿಲು ಜಾಸ್ತಿ ಬಿಗಿಯಾಗುತ್ತದೆ.

ಇನ್ನು ಎತ್ತರದ ಮಾತು. ನೆಲ ಸಮ ಇಲ್ಲದ ಕಡೆ ಗಾಡಿಯನ್ನು ಜ್ಯಾಕ್ ಕೊಟ್ಟು ಎತ್ತಿದರೆ ಮೊದಲ ಹೆಜ್ಜೆ ಇನ್ನೂ ಮೇಲಕ್ಕೆ ಹೋಗುತ್ತದೆ. ಆಗ ಅಲುಗಾಡದ ಒಂದು ಗಟ್ಟಿ ಸ್ಟೂಲ್ ಕೆಳಗೆ ಇಡಬೇಕು. ಅದಕ್ಕೆ ನಿನ್ನಿಂದ ಒಂದು ಕೆಲಸ ಆಗಬೇಕು. ನೀನು ಕೈ ಹಿಡಿಯದೆ, ನೋವಿಲ್ಲದೆ ಹತ್ತುವ ಮೆಟ್ಟಿಲು ಯಾವುದು ಅಂತ ಅಪ್ಪನಿಗೆ ತೋರಿಸು. ಅವರು ಟೇಪಿನಲ್ಲಿ ಅಳೆದು ಎಷ್ಟು ಸೆಂಟಿಮೀಟರ್ ಅಂತ ಬರೆದು ಕಳಿಸಲಿ. ನೀವು ಬರುವಷ್ಟರಲ್ಲಿ ಅದೇ ಅಳತೆಯ ಸ್ಟೂಲ್ ಬಾಗಿಲ ಬಳಿ ಇರುತ್ತದೆ.

ನಿನ್ನ ಮಗ